ಷರಾ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಲಾಟ್ ಚೀಟಿ ಬರೆಯುವ ಕೈ ನನ್ನದು.
ಹೆಸರು, ತಂದೆಯ ಹೆಸರು, ಊರು, ತೂಕ. ಇಪ್ಪತ್ತಾರು ವರ್ಷ.
ಅವಸರದಲ್ಲಿ ಎಷ್ಟು ಮಂದಿ ನಾರಾಯಣಸ್ವಾಮಿಗಳನ್ನು
ಬರೀ ನಾರಾಯಣ ಮಾಡಿ ಕಳಿಸಿದ್ದೇನೋ.
ಅದಕ್ಕೇ ಇರಬೇಕು,
ದಿಲ್ಲಿಯಿಂದ ಬಂದ ಲಕೋಟೆ ಒಡೆದು
ನಾಲ್ಕು ಹಾಳೆಯ ಮಸುಕು ನಕಲು ಬಿಡಿಸಿದಾಗ
ಮೊದಲು ನೋಡಿದ್ದು ಅಮ್ಮನ ಅಪ್ಪನನ್ನಲ್ಲ,
ಬರೆದವನ ಅಕ್ಷರವನ್ನು.

ಚಂದದ ಅಕ್ಷರ. ಕೊನೆಗೊಂದು ಸುಳಿ ಎಳೆಯುವ ಚಟ.
ಎರಡು ಕಡೆ ಶಾಯಿ ಹಬ್ಬಿದೆ:
ಡೇರೆ ಸೋರುತ್ತಿತ್ತೇನೋ.

ಎತ್ತರ ಐದಡಿ ನಾಲ್ಕಂಗುಲ. ಎಡ ಹುಬ್ಬಿನ ಮೇಲೆ ಮಚ್ಚೆ.
(ಅಮ್ಮನಿಗೂ ಇತ್ತು. ಯಾರ ಕಡೆಯದು ಎಂದು ಕೇಳಿದರೆ
ನಾನಿ ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.)
ಹಿಂದಿನ ಕಸುಬು, ಜಟಕಾ.
ಚಿಕ್ಕ ರೈಲಿನ ಸ್ಟೇಷನ್ನಿನಿಂದ ಪೇಟೆಗೆ ಜನ ಹೊತ್ತವನಿಗೆ
ಗುಡ್ಡ ಹತ್ತಲು ಒಂದು ಹೇಸರಗತ್ತೆ ಕೊಟ್ಟಿದ್ದಾರೆ,
ಅದಕ್ಕೂ ನಂಬರು ಇದೆ.
ಊರು: ಸಿದ್ದಲಗಾಟು. ಅಂಥ ಊರು ಭೂಮಿಯ ಮೇಲಿಲ್ಲ.
ಹೆಸರು: ಬುಧನ್.

ಬುಡನ್ ಸಾಬ್, ಬೆಟ್ಟದ ಬಾಬಾನ ಹೆಸರು ಹೊತ್ತವನು,
ಒಂದು ಅಕ್ಷರ ಸರಿದು
ಬುಧವಾರ ಹುಟ್ಟಿದ ಇನ್ಯಾರೋ ಆದ.
ಮುಂದಿನ ಕಾಲಂ, ಹಿಂದೂ.
ಅದರ ಮುಂದಿನದು ತಾನಾಗಿ ತುಂಬಿಕೊಂಡಿದೆ: ದಹನ.

ಆಮೇಲೆ ಕೆಂಪು ಶಾಯಿ.
ದಹನದ ಮೇಲೆ ಎರಡು ಗೀಟು, ಮೇಲೆ ಸಣ್ಣಗೆ: ದಫನ.
ಇಂಗ್ಲಿಷಿನಲ್ಲಿ ಅವೆರಡೂ ಒಂದಕ್ಕೊಂದು ದೂರದ ಪದ.
ನಮ್ಮಲ್ಲಿ ಅದೂ ಒಂದೇ ಅಕ್ಷರ.
ಷರಾ ಕಾಲಂನಲ್ಲಿ ಅದೇ ಸುಳಿಯ ಕೈ:
'ಅದೇ ಕಂಪನಿಯ ಪಿಳ್ಳಪ್ಪ ಹೇಳಿದ ಮೇರೆಗೆ ತಿದ್ದಿದೆ.'

ಇಷ್ಟೇ. ಪಿಳ್ಳಪ್ಪನ ಊರು ಬರೆದಿಲ್ಲ.
ಬರೆಯಬೇಕೇ? ಕೋಲಾರದ ಆಚೀಚೆ ಬಿಟ್ಟರೆ
ಆ ಹೆಸರು ಬೇರೆಲ್ಲಿ ಬೆಳೆಯುತ್ತದೆ.
ಸೌದೆ ಒಟ್ಟಿ ಆಗಿತ್ತೋ ಏನೋ.
ಜ್ವರದಲ್ಲಿ ಸತ್ತವರ ಸಾಲಿನ ಮುಂದೆ
ಸೆಲ್ಯೂಟು ಹೊಡೆದು, ಮೇಲಿನವರ ಮಾತಿಗೆ ಅಡ್ಡ ಬಂದು
'ಇವನು ನಮ್ಮ ಕಡೆಯವನು, ಸಾಬರವನು,
ಮಣ್ಣಿಗಿಡಬೇಕು' ಅಂದಿದ್ದಾನೆ.
ಯಾವ ಭಾಷೆಯಲ್ಲಿ? ಅವನಿಗೆ ಹಿಂದೂಸ್ತಾನಿ ಬರುತ್ತಿತ್ತೇ?
ಬರೀ ಕೈಯಿಂದ ನೆಲ ತೋರಿಸಿದನೇ?
ಕೇಳಿಸಿಕೊಂಡವನೂ ಒಬ್ಬನಿದ್ದನಲ್ಲ,
ಹೊಸ ಶಾಯಿ ಅದ್ದುವಷ್ಟು ತಾಳ್ಮೆಯವನು.
ನಾನಾಗಿದ್ದರೆ
'ಬರೆದಾಯ್ತು, ನಡಿ' ಅಂದುಬಿಡುತ್ತಿದ್ದೆನೋ.

ಸಾಲು ಮೂರು, ಗುಂಡಿ ಹನ್ನೊಂದು.
ಬಿಟ್ಟುಹೋದ ವಸ್ತು: ಕಂಬಳಿ, ತಾಮ್ರದ ತಾಯತ,
ಏಳು ರೂಪಾಯಿ ಮೂರಾಣೆ.
ಹೇಸರಗತ್ತೆ ಮುನ್ನೂರ ಹದಿನಾಲ್ಕು:
ಸುಸ್ಥಿತಿಯಲ್ಲಿದೆ, ಬೇರೆಯವರಿಗೆ ವಹಿಸಿದೆ.

ಕೊನೆಯ ಹಾಳೆಯಲ್ಲಿ ನಾನಿ. ಪ್ಯಾರಿಜಾನ್, ಹೆಂಡತಿ,
ಹಣ ಮುಟ್ಟಿದ್ದಕ್ಕೆ ಹೆಬ್ಬೆಟ್ಟು.
ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಗೆರೆ ಸವೆದ ಬೆರಳು.
ಬರೀ ಕಪ್ಪು ಚುಕ್ಕೆ. ಪಕ್ಕದಲ್ಲಿ ಷರಾ:
'ಗುರುತು ಸ್ಪಷ್ಟವಿಲ್ಲ.'

ನಿನ್ನೆ ಕಿಟಕಿಯಲ್ಲೊಬ್ಬರು:
'ಬರ್ಕಳಮ್ಮ, ಪಿಳ್ಳಪ್ಪ ಬಿನ್ ಗುಲ್ಲಪ್ಪ.'
ಪೆನ್ನು ನಿಂತಿತು.
'ನಿಮ್ಮ ತಾತ ಪಟಾಲಮ್ಮಿಗೆ ಹೋಗಿದ್ರಾ?'
'ಎಲ್ಲೀದಮ್ಮ. ಕುರಿ ಹಿಂದೆ ಹೋಗಿದ್ದು ಬಿಟ್ರೆ
ಚಿಂತಾಮಣೀನೂ ನೋಡ್ಲಿಲ್ಲ ಆವಯ್ಯ.'
ಹಿಂದಿನ ಸಾಲು ಗೊಣಗಿತು, ಗೂಡು ಬಿಸಿಯಾಗ್ತವೆ ಎಂದು.
ಳಕಾರಕ್ಕೆ ಳಕಾರವನ್ನೇ ಒತ್ತು ಕೊಟ್ಟು
ನಿಧಾನ ಬರೆದೆ.
ಊರು? ಎಂದೆ.
ಇನ್ನೊಂದು ಸಲ ಹೇಳಿ, ಎಂದೆ.